ಮಾರ್ಷಲ್ ಜೆಎಂಪಿ-1: ನೂರು ಪ್ಯಾಚ್, ಒಂದೇ ಚಕ್ರ

ಮೊದಲು ತಕರಾರು ಹೇಳಿಬಿಡುತ್ತೇನೆ. ಈ ಪ್ರಿಆಂಪಿನಲ್ಲಿ, ಅಂದರೆ ಗಿಟಾರಿನ ಸಣ್ಣ ಸಿಗ್ನಲನ್ನು ಹಿಗ್ಗಿಸಿ ಧ್ವನಿ ರೂಪಿಸುವ ಪೆಟ್ಟಿಗೆಯಲ್ಲಿ, ಗೇನ್ (ಧ್ವನಿ ಎಷ್ಟು ಒಡೆಯಬೇಕು ಎನ್ನುವ ಅಳತೆ), ಬಾಸ್, ಮಿಡಲ್, ಟ್ರೆಬಲ್, ಪ್ರೆಸೆನ್ಸ್ ಎಲ್ಲವೂ ಇವೆ. ಆದರೆ ಅಷ್ಟನ್ನೂ ತಿದ್ದಲು ಇರುವುದು ಒಂದೇ ಚಕ್ರ. ಟ್ರೆಬಲ್ ಗುಂಡಿ ಒತ್ತಬೇಕು, ಚಕ್ರ ತಿರುಗಿಸಬೇಕು. ಆಮೇಲೆ ಬಾಸ್ ಗುಂಡಿ ಒತ್ತಿ ಮತ್ತೆ ಅದೇ ಚಕ್ರ. ಮನೆಯಲ್ಲಿ ಕೂತು ಮಾಡುವಾಗ ಇದು ಹಿತವಾದ ಕೆಲಸ. ವೇದಿಕೆಯ ಮೇಲೆ ಗಾಯಕಿ ಪಲ್ಲವಿ ಮುಗಿಸುತ್ತಿದ್ದಾರೆ, ಗಿಟಾರಿನ ಬಿಟ್ (ಹಾಡಿನ ನಡುವಿನ ವಾದ್ಯದ ತುಣುಕು) ಬರಲು ನಾಲ್ಕೇ ಬಾರ್ ಉಳಿದಿದೆ, ಧ್ವನಿ ಕಿವಿ ಚುಚ್ಚುತ್ತಿದೆ ಎಂದು ಗೊತ್ತಾಗುತ್ತದೆ. ಸಾಮಾನ್ಯ ಆಂಪ್ ಆಗಿದ್ದರೆ ಕೈ ಚಾಚಿ ಟ್ರೆಬಲ್ ನಾಬನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ಇಲ್ಲಿ ಬಗ್ಗಿ, ಸರಿಯಾದ ಗುಂಡಿ ಹುಡುಕಿ, ಚಕ್ರ ತಿರುಗಿಸಿ, ಆಮೇಲೆ ಸ್ಟೋರ್ ಮಾಡಿ ಉಳಿಸಬೇಕು. ಉಳಿಸದೆ ಮುಂದಿನ ಪ್ಯಾಚಿಗೆ, ಅಂದರೆ ನೆನಪಿನಲ್ಲಿಟ್ಟ ಮುಂದಿನ ಧ್ವನಿಗೆ, ಹೋದರೆ ತಿದ್ದಿದ್ದೆಲ್ಲ ಹೋಯಿತು.

ಇಷ್ಟು ಕಿರಿಕಿರಿ ಇದ್ದರೂ ವರ್ಷಗಳಿಂದ ಇದನ್ನೇ ಹೊತ್ತು ತಿರುಗುತ್ತಿದ್ದೇನೆ. ಯಾಕೆ ಎನ್ನುವುದಕ್ಕೆ ನಾನು ನುಡಿಸುವ ಬಗೆಯೇ ಕಾರಣ. ನಾನು ರಸಮಂಜರಿ ತಂಡದ ಲೀಡ್ ಗಿಟಾರಿನವನು. ಗಣೇಶೋತ್ಸವ, ರಾಜ್ಯೋತ್ಸವ, ಊರ ಜಾತ್ರೆ, ಮದುವೆಯ ಆರತಕ್ಷತೆ, ಇವೇ ನಮ್ಮ ವೇದಿಕೆಗಳು. ಒಂದೇ ಸಂಜೆಯಲ್ಲಿ ಎಪ್ಪತ್ತರ ದಶಕದ ಮೆಲೋಡಿಯಿಂದ ಹಿಡಿದು ಕಳೆದ ತಿಂಗಳು ಬಂದ ಮಾಸ್ ಹಾಡಿನವರೆಗೂ ನುಡಿಸಬೇಕು. ಹಳೆಯ ಯುಗಳಗೀತೆಗೆ ಸಕ್ಕರೆಪಾಕದಷ್ಟು ತೆಳುವಾದ ಕ್ಲೀನ್ ಆರ್ಪೆಜಿಯೊ (ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಮೀಟುವುದು) ಬೇಕು, ಎಂಬತ್ತರ ದಶಕದ ಕ್ಯಾಬರೆ ಹಾಡಿಗೆ ಸ್ವಲ್ಪ ಒಡೆದ ರಿದಮ್, ಹೀರೋ ಎಂಟ್ರಿ ಹಾಡಿಗೆ ಪೂರ್ತಿ ಡಿಸ್ಟಾರ್ಷನ್. ಒಂದೇ ಹಾಡಿನ ಚರಣಕ್ಕೆ ಒಂದು, ಬಿಟ್‌ಗೆ ಇನ್ನೊಂದು ಧ್ವನಿ ಬೇಕಾಗುವುದೂ ಉಂಟು. ಪಕ್ಕದ ಕೀಬೋರ್ಡಿನವರು ಒಂದು ಬೆರಳಿನಲ್ಲಿ ಪಿಟೀಲಿನಿಂದ ಕೊಳಲಿಗೆ ಹೋಗುತ್ತಾರೆ. ಪೆಡಲ್ ಸಾಲು ಇಟ್ಟುಕೊಂಡ ಗಿಟಾರಿನವನು ಡಿಸ್ಟಾರ್ಷನ್ ಆಫ್ ಮಾಡಿ, ಧ್ವನಿ ದಪ್ಪ ಮಾಡುವ ಕೋರಸ್ ಹಚ್ಚಿ, ಪ್ರತಿಧ್ವನಿ ಕೊಡುವ ಡಿಲೇ ಬದಲಿಸಿ, ಇಷ್ಟನ್ನೂ ಒಂದೇ ಕಾಲಿನಲ್ಲಿ ಒಂದೇ ಕ್ಷಣದಲ್ಲಿ ಮಾಡಬೇಕು.

ಜೆಎಂಪಿ-1 ಬಂದದ್ದು 1992ರಲ್ಲಿ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ಮಾರ್ಷಲ್ ಕಂಪನಿ ದೊಡ್ಡ ದೊಡ್ಡ ಆಂಪ್ ತಲೆಗಳಿಂದ ಹೆಸರು ಮಾಡಿದ್ದು. ಅದೇ ಸ್ವಭಾವವನ್ನು ಒಂದು ಯೂನಿಟ್ ಎತ್ತರದ, ಅಂದರೆ 44 ಮಿಲಿಮೀಟರಿನಷ್ಟು ತೆಳುವಾದ, ರ‍್ಯಾಕ್ ಪೆಟ್ಟಿಗೆಯೊಳಗೆ ಕೂರಿಸಿತು. ಒಳಗೆ ಎರಡು ಇಸಿಸಿ83 ಟ್ಯೂಬುಗಳಿವೆ, ಸಿಗ್ನಲ್ ಹಿಗ್ಗಿಸುವ ಹಳೆಯ ಕಾಲದ ಗಾಜಿನ ವಾಲ್ವುಗಳು. ಓಡಿ1, ಓಡಿ2 (ಓಡಿ ಎಂದರೆ ಓವರ್‌ಡ್ರೈವ್, ಒಡೆದ ಧ್ವನಿ), ಕ್ಲೀನ್1, ಕ್ಲೀನ್2 ಎಂದು ನಾಲ್ಕು ಚಾನಲ್. ನೆನಪಿನಲ್ಲಿ ಉಳಿಯುವುದು ನೂರು ಪ್ಯಾಚ್. ಐರನ್ ಮೇಡನ್ ತಂಡದ ಗಿಟಾರಿಸ್ಟರು, ಜ಼ಡ್‌ಜ಼ಡ್ ಟಾಪ್‌ನ ಬಿಲ್ಲಿ ಗಿಬನ್ಸ್ ಇದನ್ನು ಬಳಸಿದವರು ಎನ್ನುವುದು ಗಿಟಾರಿನವರಿಗೆಲ್ಲ ಗೊತ್ತಿರುವ ಸಂಗತಿ. ಕೊಳ್ಳುವಾಗ ನನಗಿದ್ದ ಆಸೆಯೂ ಅದೇ ಡಿಸ್ಟಾರ್ಷನ್.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು, ಏಕೆಂದರೆ ಹೊಸ ಹುಡುಗರು ಇದನ್ನೂ ಮಾಡೆಲರ್, ಅಂದರೆ ಆಂಪಿನ ಧ್ವನಿಯನ್ನು ಕಂಪ್ಯೂಟರ್ ಲೆಕ್ಕದಲ್ಲಿ ಅನುಕರಿಸುವ ಯಂತ್ರ, ಎಂದುಕೊಳ್ಳುತ್ತಾರೆ. ತಂತಿಯ ಸಿಗ್ನಲ್ ಇಲ್ಲಿ ಅಂಕಿಗಳಾಗುವುದೇ ಇಲ್ಲ. ಒಳಗೆ ಹೋಗಿದ್ದು ಟ್ಯೂಬು ಮತ್ತು ಅನಲಾಗ್ ಸರ್ಕ್ಯೂಟಿನ ಮೂಲಕವೇ ಹೊರಬರುತ್ತದೆ. ಪ್ರೊಸೆಸರ್ ಮಾಡುವುದು ನಾಬು ತಿರುಗಿಸುವ ಕೈಯ ಕೆಲಸವನ್ನಷ್ಟೇ. ಹಾಗಾಗಿ ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಡಿಸ್ಟಾರ್ಷನ್ ತಾನೇ ತೆಳುವಾಗುತ್ತದೆ, ಪ್ಲೆಕ್ಟ್ರಮ್ ಒತ್ತಿದರೆ ಉತ್ತರ ಕೊಡುತ್ತದೆ.

ಟೋನ್ ಎನ್ನುವುದು ಅಂಕಿಯಾಗುವುದರಲ್ಲಿ ನನಗೆ ಸಿಕ್ಕಿರುವ ಸುಖ ದೊಡ್ಡದು. ಗೇನ್ 0ಯಿಂದ 20, ಬಾಸ್, ಮಿಡಲ್, ಟ್ರೆಬಲ್‌ಗಳು −6ರಿಂದ +6. ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಎಡಕ್ಕೆ ಪ್ಯಾಚಿನ ಸಂಖ್ಯೆ, ಆಮೇಲೆ ಚಾನಲ್, ಗೇನ್, ಟೋನಿನ ಅಂಕಿಗಳು, ಬಲತುದಿಯಲ್ಲಿ ಹಾಡಿನ ಮೊದಲ ಸಾಲು. ಕಾರ್ಯಕ್ರಮದ ಹಿಂದಿನ ದಿನ ತಂಡದ ಅಣ್ಣ ಹಾಡುಗಳ ಪಟ್ಟಿ ಕಳಿಸಿದ ಕೂಡಲೇ ಆ ಪುಸ್ತಕ ತೆರೆದು, ರ‍್ಯಾಕಿಗೆ ಪವರ್ ಕೊಟ್ಟು, ಟ್ಯೂಬು ಬಿಸಿಯಾಗುವವರೆಗೆ ತಂತಿ ಒರೆಸಿ ಶ್ರುತಿ ಮಾಡಿಕೊಳ್ಳುತ್ತೇನೆ. ನಂತರ ಪಟ್ಟಿಯ ಕ್ರಮದಲ್ಲೇ ಒಂದೊಂದು ಪ್ಯಾಚ್ ನುಡಿಸಿ ನೋಡುವುದು. ಪೆನ್ಸಿಲಿನಲ್ಲಿ +2 ಅಳಿಸಿ +1 ಬರೆಯುವುದು. ಎರಡು ವರ್ಷದ ಹಿಂದೆ ಒಂದು ಹಾಡಿಗೆ ಯಾವ ಧ್ವನಿ ಇಟ್ಟಿದ್ದೆ ಎಂದು ಯಾರಾದರೂ ಕೇಳಿದರೆ ಪುಟ ತಿರುವಿ ಹೇಳಬಲ್ಲೆ. ನಾಬಿನ ಆಂಪಿನಲ್ಲಿ ‘ಸುಮಾರು ಎರಡು ಗಂಟೆಯ ಮುಳ್ಳಿನ ಜಾಗ’ ಎಂದು ಗುರುತು ಹಾಕಿಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕಾಲಿನ ಬಳಿ ಬೆರಿಂಗರ್ ಎಫ್‌ಸಿಬಿ1010 ಫುಟ್ ಕಂಟ್ರೋಲರ್ ಇದೆ. ಅದರಲ್ಲಿ ಹತ್ತು ಬ್ಯಾಂಕ್, ಒಂದೊಂದಕ್ಕೆ ಹತ್ತು ಪ್ರಿಸೆಟ್. ಪ್ರಿಆಂಪಿನ ನೂರಕ್ಕೆ ಅದರ ನೂರು ಸರಿಯಾಗಿ ಕೂರುತ್ತದೆ. ನಾನು ಬ್ಯಾಂಕುಗಳನ್ನು ಹಾಡಿನ ಜಾತಿಯಂತೆ ಹಂಚಿಕೊಂಡಿದ್ದೇನೆ: ಮೆಲೋಡಿ, ಜಾನಪದ, ಡಿಸ್ಕೋ ಕಾಲ, ಡ್ಯಾನ್ಸ್ ನಂಬರ್, ಹೀಗೆ. ಪ್ರತಿ ಬ್ಯಾಂಕಿನಲ್ಲೂ ಒಂದನೇ ಪೆಡಲ್ ರಿದಮ್, ಎರಡನೆಯದು ಆರ್ಪೆಜಿಯೊ, ಐದನೆಯದು ಸೋಲೊ. ಬ್ಯಾಂಕ್ ಬದಲಾದರೂ ಸೋಲೊ ಇರುವ ಜಾಗ ಬದಲಾಗುವುದಿಲ್ಲ, ಕಾಲು ತಾನೇ ಹೋಗಿ ಐದಕ್ಕೆ ಬೀಳುತ್ತದೆ. ಸಭಿಕರು ‘ಒನ್ಸ್ ಮೋರ್’ ಎಂದು ಪಟ್ಟಿಯನ್ನೇ ತಲೆಕೆಳಗು ಮಾಡಿದರೂ ನನಗೆ ಗಾಬರಿಯಿಲ್ಲ.

ಪೆಡಲ್ ಒತ್ತಿದಾಗ ಹೋಗುವುದು ಎರಡೇ ಬೈಟಿನ ಮಿಡಿ ಸಂದೇಶ. ಮಿಡಿ ಎಂದರೆ ವಾದ್ಯಯಂತ್ರಗಳು ಒಂದಕ್ಕೊಂದು ಆದೇಶ ಕಳಿಸುವ ಭಾಷೆ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟಿಗೆ ಆದಿ ಅಂತ್ಯದ ಗುರುತು ಸೇರಿ ಹತ್ತು ಬಿಟ್ ಬೇಕು. ಲೆಕ್ಕ ಹಾಕಿದರೆ ಆದೇಶ ತಲುಪಲು ಒಂದು ಮಿಲಿಸೆಕೆಂಡ್ ಕೂಡ ಹಿಡಿಯುವುದಿಲ್ಲ. 1983ರಲ್ಲಿ ಬಂದ ಈ ವ್ಯವಸ್ಥೆ ಇಂದಿಗೂ ಸಾಕಾಗುತ್ತದೆ. ಕೇಬಲ್ 15 ಮೀಟರಿನವರೆಗೆ ಇರಬಹುದು, ಹಾಗಾಗಿ ರ‍್ಯಾಕನ್ನು ಡ್ರಮ್ಸಿನ ಹಿಂದೆ ಇಟ್ಟು ನಾನು ಮುಂದೆ ನಿಲ್ಲುತ್ತೇನೆ. ಪ್ರಿಆಂಪಿನ ಥ್ರೂ ಕಿಂಡಿಯಿಂದ ಇನ್ನೊಂದು ಕೇಬಲ್ ಕೆಳಗಿನ ಎಫೆಕ್ಟ್ ಪೆಟ್ಟಿಗೆಗೆ ಹೋಗುತ್ತದೆ. ಒಂದೇ ಒತ್ತಿಗೆ ಡಿಸ್ಟಾರ್ಷನ್ನೂ ಡಿಲೇಯೂ ಒಟ್ಟಿಗೆ ಬದಲಾಗುತ್ತವೆ. ಎಫೆಕ್ಟ್ ಎಷ್ಟು ಬೆರೆಯಬೇಕು ಎನ್ನುವುದನ್ನೂ ಪ್ಯಾಚಿನಲ್ಲೇ ಉಳಿಸಬಹುದು. ಕೀಬೋರ್ಡಿನವರ ಮೇಲಿನ ನನ್ನ ಹೊಟ್ಟೆಕಿಚ್ಚು ಅಂದಿಗೆ ಹೋಯಿತು.

ಆದರೆ ನೆನಪು ಗಟ್ಟಿಯಾಗಿದ್ದಷ್ಟೂ ಒಂದು ತೊಂದರೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಸಣ್ಣ ಸದ್ದಿನಲ್ಲಿ ಮಾಡಿದ ಧ್ವನಿಯನ್ನು ಇದು ಅಕ್ಷರಶಃ ನೆನಪಿಟ್ಟುಕೊಳ್ಳುತ್ತದೆ, ಮೈದಾನದಲ್ಲಿ ಅದನ್ನೇ ಒಪ್ಪಿಸುತ್ತದೆ. ನಮ್ಮ ಕಿವಿ ಮಾತ್ರ ಹಾಗಿಲ್ಲ. ಸದ್ದು ಕಡಿಮೆಯಿದ್ದಾಗ ಕಿವಿಗೆ ತಗ್ಗು ಸ್ವರಗಳು ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದರ ವಕ್ರರೇಖೆಗಳನ್ನು ಪ್ರಕಟಿಸಿದ್ದಾರೆ. ಆದ್ದರಿಂದ ಮನೆಯಲ್ಲಿ ಬಾಸ್ ಏರಿಸಿ ತುಂಬಿದಂತೆ ಕೇಳಿಸಿಕೊಂಡ ಪ್ಯಾಚ್, ದೊಡ್ಡ ಸ್ಪೀಕರಿನ ಮುಂದೆ ಗುಂಯ್ ಎಂದು ಬಾಸ್ ಗಿಟಾರಿನ ಮೇಲೆ ಬಿದ್ದು ಎರಡನ್ನೂ ಕೆಡಿಸುತ್ತದೆ. ಒಂದು ಪ್ಯಾಚ್ ಆದರೆ ತಿದ್ದಬಹುದು. ನೂರಕ್ಕೂ ಸೇರಿ ‘ಇವತ್ತು ಎಲ್ಲದರ ಬಾಸ್ ಎರಡು ಇಳಿಸು’ ಎನ್ನಲು ಇಲ್ಲಿ ದಾರಿಯೇ ಇಲ್ಲ. ಇಡೀ ಯಂತ್ರದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟಿರುವ ಕೊರತೆ ಇದು. ಊರೂರಿಗೆ ಜಾಗ ಬದಲಾಗುವ ನಮ್ಮಂಥವರಿಗೆ ಪ್ರತಿ ಸಂಜೆ ಎದುರಾಗುವ ಪ್ರಶ್ನೆ ಇದೇ. ಇಂದಿನ ಮಾಡೆಲರುಗಳಲ್ಲಿ ಇಡೀ ಯಂತ್ರಕ್ಕೆ ಅನ್ವಯಿಸುವ ಈಕ್ಯು (ಬಾಸ್, ಟ್ರೆಬಲ್ ತಿದ್ದುವ ವ್ಯವಸ್ಥೆ) ಇರುವುದು ಮಾಮೂಲಿ. ಅದೊಂದಕ್ಕಾಗಿ ಯಾರಾದರೂ ಇದನ್ನು ಬಿಟ್ಟು ಅದನ್ನು ಕೊಂಡರೆ ನಾನು ತಪ್ಪು ಎನ್ನಲಾರೆ.

ನಾನು ಕಂಡುಕೊಂಡಿರುವ ದಾರಿ ಸೌಂಡಿನವರ ಸ್ನೇಹ. ಚೆಕ್ಕಿಂಗ್ ವೇಳೆಯಲ್ಲಿ ಎಲ್ಲಕ್ಕಿಂತ ದಪ್ಪ ಪ್ಯಾಚನ್ನೂ ಎಲ್ಲಕ್ಕಿಂತ ತೆಳು ಪ್ಯಾಚನ್ನೂ ನುಡಿಸಿ, “ಅಣ್ಣಾ, ನನ್ನ ಚಾನಲಿನಲ್ಲಿ ಲೋ ಸ್ವಲ್ಪ ಕಟ್ ಮಾಡಿ” ಎಂದು ಕೇಳುತ್ತೇನೆ. ಮಿಕ್ಸರಿನ ಒಂದು ನಾಬು ನೂರು ಪ್ಯಾಚಿಗೂ ಆಯಿತು. ಹೊಸ ಪ್ಯಾಚ್ ಮಾಡುವುದಿದ್ದರೆ ರಿಹರ್ಸಲ್ ಹಾಲಿನಲ್ಲಿ, ಡ್ರಮ್ಸ್ ಬಾಸ್ ಎರಡೂ ಜೊತೆಗಿರುವಾಗ, ಜೋರು ಸದ್ದಿನಲ್ಲೇ ಮಾಡುತ್ತೇನೆ.

ಈಗ ಮನಸ್ಸು ಮೆತ್ತಗಾಗುವ ಭಾಗಕ್ಕೆ ಬರುತ್ತೇನೆ. ಡಿಸ್ಟಾರ್ಷನ್ನಿಗಾಗಿ ತಂದ ಈ ಪೆಟ್ಟಿಗೆಯಲ್ಲಿ ನಾನು ದಿನವೂ ಹುಡುಕಿಕೊಂಡು ಹೋಗುವುದು ಕ್ಲೀನ್1. ಗೇನನ್ನು ಅರ್ಧಕ್ಕಿಂತ ಕೆಳಗಿಟ್ಟು, ಟ್ರೆಬಲ್ ಒಂದು ಮೆಟ್ಟಿಲು ಇಳಿಸಿ, ಎಫೆಕ್ಟ್ ಪೆಟ್ಟಿಗೆಯಿಂದ ನಿಧಾನವಾದ ಕೋರಸ್ ಬೆರೆಸಿದರೆ, ಹಳೆಯ ಮೆಲೋಡಿಯ ಹಿಂದೆ ಗಿಟಾರಿನ ಬಿಡಿಬಿಡಿ ಸ್ವರಗಳು ಗಾಯಕರ ಉಸಿರಿಗೆ ಅಡ್ಡ ಬರದೆ ನಿಲ್ಲುತ್ತವೆ. ಗಟ್ಟಿಯಾಗಿ ಮೀಟಿದ ಸ್ವರ ಮಾತ್ರ ಅಂಚಿನಲ್ಲಿ ಸ್ವಲ್ಪವೇ ಒಡೆಯುತ್ತದೆ, ಅದು ಟ್ಯೂಬಿನ ಕೊಡುಗೆ. ಕ್ಲೀನ್2 ಇನ್ನೂ ಹೊಳಪಿನದು. ಜಾನಪದ ಹಾಡಿಗೆ ಕಟ್ ಮಾಡಿ ಮಾಡಿ ಹೊಡೆಯುವ ರಿದಮ್ಮಿಗೆ ಅದೇ ಸರಿ. ನಮ್ಮ ತಂಡದ ಹಿರಿಯ ಗಾಯಕರು ಗಿಟಾರಿನ ಬಗ್ಗೆ ಎಂದೂ ಮಾತಾಡಿದವರಲ್ಲ. ಕ್ಲೀನ್1ರಲ್ಲಿ ನುಡಿಸಿದ ಒಂದು ಯುಗಳಗೀತೆ ಮುಗಿದ ಮೇಲೆ, “ಇವತ್ತಿನ ಹಾಗೇ ದಿನಾ ನುಡಿಸಪ್ಪ” ಎಂದರು. ಆ ಪ್ಯಾಚಿನ ಅಂಕಿಗಳನ್ನು ಪುಸ್ತಕದಲ್ಲಿ ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಓಡಿ1 ಹಳೆಯ ಮಾರ್ಷಲ್‌ಗಳ ಒರಟು ಕೂಗು, ನನಗೆ ಇಷ್ಟ. ಓಡಿ2 ಹೆಚ್ಚು ಗೇನಿನದು. ಎಲ್ಲ ಹೈಗೇನ್ ಪ್ರಿಆಂಪುಗಳ ಹಾಗೆ ಗೇನ್ ಏರಿಸಿದಷ್ಟೂ ಹಿಸ್ ಬರುತ್ತದೆ, ಅದನ್ನು ತಡೆಯುವ ನಾಯ್ಸ್ ಗೇಟ್ ಬೇಕಾಗುತ್ತದೆ. ಮೆಟಲ್ ನುಡಿಸುವವರು ಇದರ ತೀರ್ಪನ್ನು ನನಗಿಂತ ಚೆನ್ನಾಗಿ ಕೊಡಬಲ್ಲರು.

ಹಿಂಬದಿಯಲ್ಲಿ ಸ್ಪೀಕರಿನ ಧ್ವನಿಯನ್ನು ಅನುಕರಿಸಿ ಕೊಡುವ ಔಟ್‌ಪುಟ್ ಇದೆ. ಅಲ್ಲಿಂದ ಕೇಬಲ್ ನೇರ ಮಿಕ್ಸರಿಗೆ. ನಿಜವಾದ ಸ್ಪೀಕರಿನ ಧ್ವನಿಯನ್ನು ಅಳೆದು ಮಾಡಿದ ಇಂದಿನ ಡಿಜಿಟಲ್ ಐಆರ್‌ಗಳ ಪಕ್ಕ ಇಟ್ಟರೆ ಅದು ಹಳೆಯ ಕಾಲದ್ದು ಎಂದು ಗೊತ್ತಾಗುತ್ತದೆ, ಡಿಸ್ಟಾರ್ಷನ್ನಿನಲ್ಲಿ ಮೇಲಿನ ಸ್ವರಗಳು ಒಣಗಿದಂತಿರುತ್ತವೆ. ಆದರೆ ಟೆಂಪೋದಲ್ಲಿ ಎಲ್ಲರ ಸಾಮಾನಿನ ಜೊತೆ ನಾಲ್ಕು ಸ್ಪೀಕರಿನ ಕ್ಯಾಬಿನೆಟ್ ಹೇರುವುದು ತಪ್ಪುತ್ತದೆ. ಕ್ಲೀನ್ ಧ್ವನಿಗಂತೂ ನನಗೆ ಯಾವ ದೂರೂ ಇಲ್ಲ.

ವಯಸ್ಸಿನ ಮಾತೂ ಹೇಳಬೇಕು. ಪ್ಯಾಚುಗಳನ್ನು ಉಳಿಸುವುದು ಒಳಗೆ ಬೆಸುಗೆ ಹಾಕಿ ಕೂರಿಸಿದ ಸಣ್ಣ ಲಿಥಿಯಂ ಬ್ಯಾಟರಿ. ಅದು ಸತ್ತರೆ ಯಂತ್ರ ನುಡಿಯುತ್ತದೆ, ಆದರೆ ಪವರ್ ಆಫ್ ಮಾಡಿದೊಡನೆ ಎಲ್ಲ ಮರೆಯುತ್ತದೆ. ಬ್ಯಾಟರಿ ಬದಲಿಸುವಾಗಲೂ ನೆನಪು ಅಳಿಸುತ್ತದೆ. ನನ್ನ ಲೆಕ್ಕದ ಪುಸ್ತಕ ಇರುವುದು ಅದಕ್ಕೂ ಹೌದು. ಈ ಕೆಲಸ ತಿಳಿದವರ ಕೈಯಲ್ಲೇ ಮಾಡಿಸಿ, ಟ್ಯೂಬಿನ ಸರ್ಕ್ಯೂಟಿನಲ್ಲಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬ್ಯಾಟರಿ ಸಿಗುತ್ತದೆ. ಇಸಿಸಿ83 ಅಥವಾ 12ಎಎಕ್ಸ್7 ಎಂದು ಕೇಳಿದರೆ ಟ್ಯೂಬು ಆನ್‌ಲೈನಿನಲ್ಲಿ ಇಂದಿಗೂ ಹೊಸದೇ ಸಿಗುತ್ತದೆ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮಕ್ಕೆ ನಾನು ಸ್ವಂತ ಸ್ಟೆಬಿಲೈಜರ್ ಒಯ್ಯುತ್ತೇನೆ. ಅರ್ತ್ ಇಲ್ಲದ ಬೋರ್ಡಾದರೆ ಸರಿ ಮಾಡಿಸುವವರೆಗೆ ಪ್ಲಗ್ ಹಾಕುವುದಿಲ್ಲ, ಆಯೋಜಕರು ಎಷ್ಟೇ ಅವಸರ ಮಾಡಲಿ.

ನನಗೆ ಇದು ಸೆಕೆಂಡ್‌ಹ್ಯಾಂಡಿನಲ್ಲಿ ನಲವತ್ತು ಸಾವಿರದ ಆಸುಪಾಸಿಗೆ ಬಂತು. ರ‍್ಯಾಕ್, ಫುಟ್ ಕಂಟ್ರೋಲರ್, ಎಫೆಕ್ಟ್ ಸೇರಿದರೆ ಖರ್ಚು ಇನ್ನೂ ಮೇಲೆ. ಆ ಹಣಕ್ಕೆ ಇಂದು ಒಳ್ಳೆಯ ಫ್ಲೋರ್ ಮಾಡೆಲರ್ ಬರುತ್ತದೆ, ಒಂದೇ ಬ್ಯಾಗಿನಲ್ಲಿ ಹಿಡಿಯುತ್ತದೆ. ಬೈಕಿನಲ್ಲಿ ಕಾರ್ಯಕ್ರಮಕ್ಕೆ ಹೋಗುವವರು ಅದನ್ನೇ ಕೊಳ್ಳಲಿ. ಕೈಗೆ ಟ್ಯೂಬಿನ ಉತ್ತರವೂ ಬೇಕು, ಕಾಲಿಗೆ ಪಕ್ಕಾ ನೆನಪೂ ಬೇಕು, ಸಾಮಾನು ಸಾಗಿಸಲು ತಂಡದ ಗಾಡಿಯೂ ಇದೆ ಎನ್ನುವವರು ಇದನ್ನು ಹುಡುಕಬಹುದು. ನೋಡಲು ಹೋದಾಗ ಚಕ್ರವನ್ನು ನಿಧಾನವಾಗಿ ತಿರುಗಿಸಿ ಅಂಕಿಗಳು ಹಾರದೆ ಸಾಲಾಗಿ ಬರುತ್ತವೆಯೇ ನೋಡಿ. ಪ್ರತಿ ಗುಂಡಿಯನ್ನೂ ಒತ್ತಿ. ಒಂದು ಪ್ಯಾಚ್ ತಿದ್ದಿ ಉಳಿಸಿ, ಪ್ಲಗ್ ಕಿತ್ತು, ಮಾರುವವರ ಜೊತೆ ಒಂದು ಟೀ ಕುಡಿದು ಬಂದು ಮತ್ತೆ ಹಚ್ಚಿ ನೋಡಿ. ತಿದ್ದಿದ್ದು ಉಳಿದಿಲ್ಲವಾದರೆ ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆದು ಮಾತಾಡಿ.