ಹಸಿ ಕಾಫಿ ಬೀಜದ ಆಮ್ಲಗಳೂ ಅಯಾನ್ ಮೊಬಿಲಿಟಿ ಉಪಕರಣವೂ: ನಾಲ್ಕು ವರ್ಷದ ಬಳಕೆಯ ನಂತರ

ನಮ್ಮ ಪ್ರಯೋಗಾಲಯಕ್ಕೆ ಟ್ರಾವೆಲಿಂಗ್ ವೇವ್ ಮಾದರಿಯ ಅಯಾನ್ ಮೊಬಿಲಿಟಿ ಮಾಸ್ ಸ್ಪೆಕ್ಟ್ರೋಮೀಟರ್ ಬಂದು ನಾಲ್ಕು ವರ್ಷವಾಯಿತು. ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಅಣುಗಳನ್ನು, ಆಕಾರ ಮತ್ತು ದ್ರವ್ಯರಾಶಿ ಎರಡರಿಂದಲೂ ಬೇರ್ಪಡಿಸಿ ನೋಡುವ ಯಂತ್ರವಿದು. ಚಿಕ್ಕಮಗಳೂರು, ಕೊಡಗುಗಳ ಹಸಿ ಕಾಫಿ ಬೀಜದ ಸಾರವನ್ನು ಪರೀಕ್ಷಿಸುವುದೇ ಅದರ ದಿನನಿತ್ಯದ ಕೆಲಸ. ಆ ಸಾರದಲ್ಲಿ ಕೆಫಿಕ್ ಆಮ್ಲವು ಕ್ವಿನಿಕ್ ಆಮ್ಲದ 3, 4 ಅಥವಾ 5ನೆಯ ಸ್ಥಾನಕ್ಕೆ ಕೂಡಿಕೊಂಡು ಆದ ಮೂರು ಕ್ಲೋರೋಜೆನಿಕ್ ಆಮ್ಲಗಳಿರುತ್ತವೆ. ಮೂರರ ಅಣುಸೂತ್ರವೂ ಒಂದೇ, ಋಣ ಅಯಾನಿನ ಎಂ/ಝಡ್ (ದ್ರವ್ಯರಾಶಿಯನ್ನು ವಿದ್ಯುದಾವೇಶದಿಂದ ಭಾಗಿಸಿದ) ಮೌಲ್ಯವೂ 353.09 ಒಂದೇ ಆದ್ದರಿಂದ, ದ್ರವ್ಯರಾಶಿಯನ್ನು ಎಷ್ಟು ನಿಖರವಾಗಿ ಅಳೆದರೂ ಯಾವುದು ಯಾವುದೆಂದು ತಿಳಿಯುವುದಿಲ್ಲ.

ನೈಟ್ರೋಜನ್ ತುಂಬಿದ ಕೋಶದಲ್ಲಿ ವಿದ್ಯುತ್ ಅಲೆಗಳು ಅಯಾನುಗಳನ್ನು ಮುಂದಕ್ಕೆ ತಳ್ಳುತ್ತವೆ. ಮುದುಡಿದ ಅಯಾನು ಬೇಗ ದಾಟುತ್ತದೆ, ಕೈಕಾಲು ಚಾಚಿದಂತಿರುವುದು ಅನಿಲಕ್ಕೆ ಹೆಚ್ಚು ಡಿಕ್ಕಿ ಹೊಡೆಯುತ್ತಾ ಹಿಂದೆ ಬೀಳುತ್ತದೆ. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುವುದರಿಂದ ಪರೀಕ್ಷೆಯ ಅವಧಿ ಒಂದಿಷ್ಟೂ ಹೆಚ್ಚುವುದಿಲ್ಲ.

ನಾನು ಹೆಚ್ಚು ಮೆಚ್ಚಿದ್ದು ಇನ್ನೊಂದು ಸೌಲಭ್ಯವನ್ನು. ಕೋಶ ದಾಟಿದ ಮೇಲೆ ಅಯಾನನ್ನು ಒಡೆದರೆ, ಚೂರುಗಳೆಲ್ಲವೂ ಮೂಲ ಅಯಾನಿನ ಡ್ರಿಫ್ಟ್ ಸಮಯದಲ್ಲೇ (ಅದು ಕೋಶ ದಾಟಲು ಹಿಡಿದ ಸಮಯದಲ್ಲೇ) ಕಾಣಿಸಿಕೊಳ್ಳುತ್ತವೆ. 4ನೆಯ ಸ್ಥಾನದ್ದು ಎಂ/ಝಡ್ 173ರ ಚೂರನ್ನೂ, 3ನೆಯದು 191ರ ಜೊತೆಗೆ ಬಲವಾದ 179ನ್ನೂ, 5ನೆಯದು ಮುಖ್ಯವಾಗಿ 191ನ್ನೂ ಕೊಡುತ್ತದೆ. ಸಾರದ ಬೇರೆ ಕಲ್ಮಷಗಳ ಚೂರುಗಳನ್ನು ಇವುಗಳಿಂದ ಬಿಡಿಸಿ ನೋಡಲು ಡ್ರಿಫ್ಟ್ ಸಮಯ ನೆರವಾಗುತ್ತದೆ. ಆದರೂ ಮೂರು ಆಮ್ಲಗಳನ್ನು ಬೇರ್ಪಡಿಸಿದ ಕೀರ್ತಿ ನಮ್ಮಲ್ಲಿ ಇಂದಿಗೂ, ದ್ರವದಲ್ಲಿ ಹರಿಯುವ ಘಟಕಗಳನ್ನು ಬಿಡಿಸುವ ಹಳೆಯ ಸಿ18 ಕಾಲಮ್‌ಗೇ ಸಲ್ಲಬೇಕು. ಉಪಕರಣ ದುಬಾರಿಯೆಂಬ ಕಾರಣಕ್ಕೆ ಅದನ್ನೇ ಹೊಗಳಬೇಕಾಗಿಲ್ಲ.

ಮೊದಲ ವರ್ಷವೇ ನಾವೊಮ್ಮೆ ಎಡವಿದೆವು. 5ನೆಯ ಸ್ಥಾನದ ಆಮ್ಲದ ಶುದ್ಧ ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ ಮಾದರಿ) ಒಂದನ್ನೇ ಹಾಯಿಸಿದಾಗ ಪರದೆಯ ಮೇಲೆ ಎರಡು ಶಿಖರಗಳು ಮೂಡಿದವು. ಬಾಟಲಿಯೇ ಕಲಬೆರಕೆಯೆಂದು ತಿಳಿದು ಇನ್ನೊಂದನ್ನು ತರಿಸಿದೆವು, ಅದರಲ್ಲಿಯೂ ಎರಡೇ. ಪ್ರೋಟಾನು ಕಾರ್ಬಾಕ್ಸಿಲ್ ತುದಿಯಿಂದ ಕಳಚಿದರೆ ಒಂದು ಆಕಾರ, ಫೀನಾಲ್ ತುದಿಯಿಂದ ಕಳಚಿದರೆ ಮತ್ತೊಂದು ಆಕಾರ; ಒಂದೇ ವಸ್ತು ಎರಡು ವೇಷ ಹಾಕಿ ಬಂದಿತ್ತು. ಅಂದರೆ ಎರಡು ಶಿಖರ ಕಂಡ ಮಾತ್ರಕ್ಕೆ ಎರಡು ಸಮಾಂಗಿಗಳಿವೆ (ಅಣುಸೂತ್ರ ಒಂದೇ ಇದ್ದು ರಚನೆ ಬೇರೆಯಾದ ವಸ್ತುಗಳಿವೆ) ಎನ್ನುವಂತಿಲ್ಲ. ಖರೀದಿಗೆ ಮುನ್ನ ಡೆಮೊ ತೋರಿಸಿದವರು ಈ ಮಾತನ್ನು ಎತ್ತಲೇ ಇಲ್ಲವೆಂಬ ಬೇಸರ ನನಗೆ ಈಗಲೂ ಇದೆ.

ಸಿಸಿಎಸ್ ಮೌಲ್ಯವನ್ನು (ಅನಿಲಕ್ಕೆ ಡಿಕ್ಕಿ ಹೊಡೆಯುವ ಅಯಾನಿನ ಗಾತ್ರದ ಅಳತೆಯನ್ನು) ಈ ಮಾದರಿಯಲ್ಲಿ ಡ್ರಿಫ್ಟ್ ಸಮಯದಿಂದ ನೇರವಾಗಿ ಲೆಕ್ಕ ಹಾಕಲಾಗುವುದಿಲ್ಲ. ನಾವು ಸಿಸಿಎಸ್ ಮೊದಲೇ ಗೊತ್ತಿರುವ ಪಾಲಿಅಲನಿನ್ ಹಾಯಿಸಿ ಕ್ಯಾಲಿಬ್ರೇಟ್ ಮಾಡುತ್ತೇವೆ. ಅಲೆಯ ಎತ್ತರ, ವೇಗ ಅಥವಾ ಅನಿಲದ ಹರಿವು ಬದಲಾದರೆ ಮತ್ತೆ ಮೊದಲಿನಿಂದ ಮಾಡಬೇಕು. ಕರೆಂಟು ಹೋಗಿ ನಿರ್ವಾತ ಕೆಟ್ಟರೆ ಅಂದಿನ ಕೆಲಸ ಮುಗಿದಂತೆಯೇ. ಯುಪಿಎಸ್ ಇಲ್ಲದೆ ಇದನ್ನು ಕೊಳ್ಳುವ ಯೋಚನೆ ಬೇಡ.

ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಈಗ ಮೊದಲ ವಾರ ಬೀಜದ ಸಾರವನ್ನೇ ಕೊಡುವುದಿಲ್ಲ. ಮೂರು ಸ್ಟ್ಯಾಂಡರ್ಡ್‌ಗಳನ್ನು ಒಂದೊಂದಾಗಿ, ಕೋನ್ ವೋಲ್ಟೇಜ್ (ಅಯಾನುಗಳು ಉಪಕರಣದೊಳಗೆ ಹೋಗುವ ಬಾಯಿಯ ವೋಲ್ಟೇಜ್) ಬದಲಿಸುತ್ತಾ ಹಾಯಿಸಿ, ಯಾವುದು ಎಷ್ಟು ಶಿಖರ ಕೊಡುತ್ತದೆಂದು ಪುಸ್ತಕದಲ್ಲಿ ಬರೆದಿಟ್ಟ ನಂತರವೇ ಸಾರದ ಬಾಟಲಿ ಕೈಗೆ ಬರುತ್ತದೆ.