ವಾಸಾ ಹಡಗಾ, ಲಿಂಡ್ ಡಾಕ್ಟ್ರ ನಿಂಬೆಹಣ್ಣಾ?

ಮಂಡ್ಯ ಕಡೆ ಹೈಸ್ಕೂಲ್ ಮಕ್ಳಿಗೆ ನೌಕಾಪಡೆ ಇತಿಹಾಸ ಇಟ್ಕೊಂಡು ಸೈನ್ಸ್ ಹೇಳ್ಕೊಡೋಣ ಅಂತಿರೋ ಮೇಷ್ಟ್ರುಗಳಿಗೆ ನಾನು ಹೇಳೋದು ಎರಡೇ ಕಥೆ.

ವಾಸಾ ಅಂದ್ರೆ ಸ್ವೀಡನ್ ಯುದ್ಧದ ಹಡಗು, 1628ರಲ್ಲಿ ಮೊದಲ ಸಲ ಹೊರಟಿದ್ದೇ ಸುಮಾರು 1300 ಮೀಟರ್ ಹೋಗೋಷ್ಟರಲ್ಲಿ ಗಾಳಿಗೆ ವಾಲಿ, ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಸ್ಟಾಕ್‌ಹೋಮ್ ಬಂದರಲ್ಲೇ ಮುಳುಗೋಯ್ತು. ಮೇಲ್ಗಡೆ ಭಾರ ಜಾಸ್ತಿ ಆಗಿತ್ತು ಅಷ್ಟೇ. ಗುರುತ್ವ ಕೇಂದ್ರ, ತೇಲುವಿಕೆ ಎರಡೂ ಇಲ್ಲೇ ಸಿಗುತ್ತೆ, ಅದೂ ಅಲ್ದೆ ನಮ್ ಮಕ್ಳು ಕಾವೇರೀಲಿ ತೆಪ್ಪ ಹತ್ತಿರ್ತಾರೆ, ಎದ್ದು ನಿಲ್ಬೇಡ ಅಂತ ಅಂಬಿಗ ಯಾಕೆ ಗದರ್ತಾನೆ ಅಂತ ಕೇಳಿದ್ರೆ ಅರ್ಧ ಪಾಠ ಅವ್ರೇ ಹೇಳ್ಬಿಡ್ತಾರೆ. ಖರ್ಚೂ ಇಲ್ಲ, ಒಂದು ಬಕೆಟ್ ನೀರು, ಒಂದು ಬಾಟ್ಲಿ, ಒಂದಿಷ್ಟು ಮರಳು.

ಬ್ರಿಟಿಷ್ ನೌಕಾಪಡೆ ಡಾಕ್ಟ್ರು ಜೇಮ್ಸ್ ಲಿಂಡ್ ಕಥೆ ಬೇರೆ ಥರ. 1747ರಲ್ಲಿ ಬ್ರಿಟಿಷ್ ಹಡಗು ಸಾಲಿಸ್‌ಬರಿಯಲ್ಲಿ ಸ್ಕರ್ವಿ (ವಿಟಮಿನ್ ಸಿ ಕೊರತೆಯಿಂದ ಬರೋ ಕಾಯಿಲೆ) ಬಂದ 12 ಜನರನ್ನ ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ, ಕಿತ್ತಳೆ ನಿಂಬೆ ತಿಂದೋರು ಬೇಗ ಚೇತರಿಸ್ಕೊಂಡ್ರು. ಆದ್ರೂ ನೌಕಾಪಡೆ ನಿಂಬೆರಸ ಕಡ್ಡಾಯ ಮಾಡಿದ್ದು 1795ರಲ್ಲಿ! ಕೈಯಲ್ಲಿ ಮಾಡೋ ಪ್ರಯೋಗ ಕಮ್ಮಿ, ಆದ್ರೆ ಹೋಲಿಸಿ ನೋಡೋದು ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಂಗೆ ಸಿಕ್ಕಿಲ್ಲ.

ಒಂದೇ ಪೀರಿಯಡ್ ಇದ್ರೆ ವಾಸಾ ತಗೊಳ್ಳಿ, ವಾರ ಪೂರ್ತಿ ಇದ್ರೆ ಲಿಂಡ್‌ನಿಂದ ಶುರು ಮಾಡಿ, 1795ರವರೆಗೂ ಯಾಕೆ ಕಾದ್ರು ಅಂತ ಮಕ್ಳನ್ನೇ ವಾದ ಮಾಡೋಕ್ ಬಿಡಿ.