ಚಾರ್ಜರ್ ಹಾಕಿಯೇ ಇಡೋದಾ, ತೆಗೆಯೋದಾ? ಮೊದಲ ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿದ್ದು

ಮೊದಲ ಲ್ಯಾಪ್‌ಟಾಪ್ ಕೈಗೆ ಬಂದ ವಾರದಲ್ಲೇ ಮೂವರು ಮೂರು ಥರ ಹೇಳಿದರು. “ಪೂರ್ತಿ ಖಾಲಿ ಆಗೋವರೆಗೂ ಚಾರ್ಜಿಗೆ ಹಾಕಬೇಡ” ಅಂತ ಒಬ್ಬರು. “ಚಾರ್ಜರ್ ಯಾವಾಗಲೂ ಹಾಕಿಯೇ ಇಡು, ಬ್ಯಾಟರಿ ಸವೆಯೋದೇ ಇಲ್ಲ” ಅಂತ ಇನ್ನೊಬ್ಬರು. “80ಕ್ಕೆ ನಿಲ್ಲಿಸು” ಅಂತ ಮೂರನೆಯವರು. ಮೂವರ ಮಾತಲ್ಲೂ ಒಂದಿಷ್ಟೂ ಅನುಮಾನ ಇರಲಿಲ್ಲ. ಹಾಗಾಗಿ ಮೂರನ್ನೂ ಒಂದೊಂದಾಗಿ ಮಾಡಿ ನೋಡಿದೆ. ಒಟ್ಟು 16 ತಿಂಗಳು ಹಿಡಿಯಿತು.

ಅಳೆಯೋಕೆ ಬೇರೆ ಉಪಕರಣ ಏನೂ ಬೇಡ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ (powercfg /batteryreport) ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಒಂದು ವರದಿ ತಯಾರಾಗುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದು ಎರಡು ಸಾಲು ನೋಡಿ. ‘ಡಿಸೈನ್ ಕೆಪಾಸಿಟಿ’ ಅಂದರೆ ಕಾರ್ಖಾನೆಯಲ್ಲಿ ಗೊತ್ತು ಮಾಡಿದ ಅಳತೆ. ‘ಫುಲ್ ಚಾರ್ಜ್ ಕೆಪಾಸಿಟಿ’ ಅಂದರೆ ಈಗ ಬ್ಯಾಟರಿ ನಿಜಕ್ಕೂ ಹಿಡಿಯುವಷ್ಟು. ಇವೆರಡರ ನಡುವಿನ ಅಂತರವೇ ಸವೆತ. ನನ್ನದರಲ್ಲಿ ಮೊದಲ ದಿನ ಎರಡೂ ಹೆಚ್ಚುಕಡಿಮೆ ಒಂದೇ ಇದ್ದವು, 50,000 ಮಿಲಿವ್ಯಾಟ್ ಅವರ್.

ಮೊದಲ ನಾಲ್ಕು ತಿಂಗಳು ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸುವ ಪದ್ಧತಿ. ಇದು ಬಹಳ ಕಿರಿಕಿರಿ. ಕೆಲಸದ ಮಧ್ಯೆ 9% ಅಂತ ಕೆಂಪಗಾಗುತ್ತದೆ, ಆದರೂ ಚಾರ್ಜರ್ ಮುಟ್ಟುವ ಹಾಗಿಲ್ಲ. ಎರಡು ಸಲ ಸೇವ್ ಮಾಡದ ಕೆಲಸ ಹೋಯಿತು. ನಾಲ್ಕು ತಿಂಗಳಾದ ಮೇಲೆ ವರದಿ ತೆಗೆದರೆ 47,900. ಆಮೇಲೆ ಓದಿ ತಿಳಿದದ್ದು: ಈ ಸಲಹೆ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅವುಗಳನ್ನು ಅರ್ಧಕ್ಕೇ ಪದೇ ಪದೇ ಚಾರ್ಜ್ ಮಾಡಿದರೆ ‘ಮೆಮೊರಿ ಎಫೆಕ್ಟ್’ ಬಂದು ಸಾಮರ್ಥ್ಯ ಕುಗ್ಗುತ್ತಿತ್ತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಲಿಥಿಯಂ-ಅಯಾನ್. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಬಗೆ ಇದು. ಇದಕ್ಕೆ ಆ ತೊಂದರೆ ಇಲ್ಲ. ಉಲ್ಟಾ, ತೀರಾ ಖಾಲಿ ಆದರೇ ಇದಕ್ಕೆ ಪೆಟ್ಟು. ಶೇಕಡಾ ಲೆಕ್ಕ ತಪ್ಪು ತೋರಿಸುತ್ತಿದ್ದರೆ, 30% ಇದ್ದಾಗಲೇ ದಿಢೀರ್ ಆಫ್ ಆಗುತ್ತಿದ್ದರೆ, ಒಮ್ಮೆ ಪೂರ್ತಿ ಇಳಿಸಿ ತುಂಬಿಸಿದರೆ ಆ ಮೀಟರ್ ಸರಿಯಾಗಬಹುದು. ಅದು ಬಿಟ್ಟರೆ ಈ ಪದ್ಧತಿಯಿಂದ ಲಾಭವಿಲ್ಲ.

ಮುಂದಿನ ನಾಲ್ಕು ತಿಂಗಳು ಚಾರ್ಜರ್ ಹಾಕಿಯೇ ಇಟ್ಟೆ. ಆರಾಮ ಅಂದರೆ ಇದೇ. ಶೇಕಡಾ ಎಷ್ಟು ಅಂತ ನೋಡುವ ಕೆಲಸವೇ ಇಲ್ಲ. ‘ಓವರ್‌ಚಾರ್ಜ್ ಆಗುತ್ತೆ’ ಅನ್ನುವ ಭಯ ಬೇಡ. 100 ಮುಟ್ಟಿದ ಮೇಲೆ ಲ್ಯಾಪ್‌ಟಾಪ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ, ನೇರವಾಗಿ ಅಡಾಪ್ಟರ್‌ನಿಂದ ಓಡುತ್ತದೆ. ಆದರೆ ವರದಿ ನೋಡಿದಾಗ ಬೇಜಾರಾಯಿತು. 44,600. ಬ್ಯಾಟರಿಯನ್ನು ಮುಟ್ಟದೇ ಇದ್ದ ನಾಲ್ಕು ತಿಂಗಳಲ್ಲೇ ಜಾಸ್ತಿ ಸವೆದಿತ್ತು.

ಕಾರಣ ತಿಳಿದ ಮೇಲೆ ಎಲ್ಲ ಸ್ಪಷ್ಟವಾಯಿತು. ಲಿಥಿಯಂ ಬ್ಯಾಟರಿ ಬಳಸಿದಾಗ ಮಾತ್ರ ಸವೆಯೋದಲ್ಲ, ಸುಮ್ನೆ ಇದ್ದಾಗಲೂ ಸವೆಯುತ್ತದೆ. ಪೂರ್ತಿ ತುಂಬಿದಾಗ ಸಾಮಾನ್ಯವಾಗಿ ಒಂದೊಂದು ಸೆಲ್‌ನ ವೋಲ್ಟೇಜ್ 4.2ರ ಆಸುಪಾಸು ಇರುತ್ತದೆ. ಅಷ್ಟು ಒತ್ತಡದಲ್ಲಿ ಒಳಗಿನ ದ್ರವಕ್ಕೂ ವಿದ್ಯುದ್ವಾರಗಳಿಗೂ ಬೇಡದ ರಾಸಾಯನಿಕ ಕ್ರಿಯೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಅದರ ಜೊತೆ ಬಿಸಿಯೂ ಸೇರಿದರೆ ಅದೇ ಕ್ರಿಯೆ ಬೇಗ ಬೇಗ ನಡೆಯುತ್ತದೆ. ನನ್ನ ಲ್ಯಾಪ್‌ಟಾಪ್ ನಾಲ್ಕು ತಿಂಗಳೂ ತುಂಬಿಕೊಂಡೇ ಇತ್ತು, ದಿನದ ಬಹಳ ಹೊತ್ತು ಬಿಸಿಯಾಗಿಯೂ ಇತ್ತು. ಎರಡೂ ಒಟ್ಟಿಗೆ ಸೇರಿದ್ದೇ ಕೆಟ್ಟದ್ದಾಯಿತು.

ಕೊನೆಯ ಎಂಟು ತಿಂಗಳು 80ರ ಮಿತಿ. ಚಾರ್ಜರ್ ಹಾಕಿಯೇ ಇರುತ್ತದೆ, ಆದರೆ ಲ್ಯಾಪ್‌ಟಾಪ್ 80ಕ್ಕೆ ನಿಲ್ಲುತ್ತದೆ. ಇದನ್ನು ಕೈಯಾರೆ ಕಾದು ಕೂತು ಮಾಡಬೇಕಿಲ್ಲ. ಲೆನೋವೋದಲ್ಲಿ ವ್ಯಾಂಟೇಜ್, ಏಸಸ್‌ನಲ್ಲಿ ಮೈಏಸಸ್ ಆಪ್ ಒಳಗೆ ಈ ಸೌಲಭ್ಯ ಇರುತ್ತದೆ. ಕೆಲವು ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್) ಒಳಗೇ ಸಿಗುತ್ತದೆ. ಎಂಟು ತಿಂಗಳ ಕೊನೆಗೆ ಒಮ್ಮೆ ಮಿತಿ ತೆಗೆದು 100ರವರೆಗೆ ತುಂಬಿಸಿ ವರದಿ ತೆಗೆದೆ. 43,700. ಅಂದರೆ ಎರಡು ಪಟ್ಟು ಸಮಯದಲ್ಲಿ ಬರೀ 900 ಇಳಿದಿತ್ತು.

ಇದು ಪ್ರಯೋಗಾಲಯದ ಲೆಕ್ಕ ಅಲ್ಲ, ಒಪ್ಪುತ್ತೇನೆ. ಒಂದೇ ಬ್ಯಾಟರಿ ಮೇಲೆ ಒಂದಾದ ಮೇಲೆ ಒಂದು ಮಾಡಿದ್ದು. ಹೊಸದರಲ್ಲಿ ಸವೆತ ಸ್ವಲ್ಪ ಜಾಸ್ತಿ ಇರೋದೂ ಸಹಜ. ಆದರೂ ನನಗೆ ಸಿಕ್ಕ ಉತ್ತರ ಖಚಿತವಾಗಿದೆ: ದಿನವೆಲ್ಲ ಮೇಜಿನ ಮೇಲೆ ಕೆಲಸ ಮಾಡುವವರಿಗೆ 80ರ ಮಿತಿಯೇ ಸರಿ. ಚಾರ್ಜರ್ ಹಾಕಿಟ್ಟ ಆರಾಮವೂ ಉಳಿಯಿತು, ಬ್ಯಾಟರಿಯೂ ಉಳಿಯಿತು. ಹೊರಗೆ ಹೊತ್ತುಕೊಂಡು ಓಡಾಡುವ ದಿನ ಮಾತ್ರ 100 ಮಾಡಿಕೊಳ್ಳಿ, ಅದರಿಂದ ಏನೂ ಆಗದು. ಬ್ಯಾಟರಿ ಇರೋದೇ ಬಳಸೋಕೆ ಅಲ್ವಾ?

ಸ್ಲೀಪ್, ಹೈಬರ್ನೇಟ್, ಶಟ್‌ಡೌನ್

ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಬಿಟ್ಟರೆ ಸಾಕು ಅನ್ನುವ ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಒಂದು ಸಂಜೆ. ಮುಚ್ಚಳ ಮುಚ್ಚಿ ಬ್ಯಾಗ್‌ಗೆ ಹಾಕಿದ್ದೆ. ಎರಡು ಗಂಟೆ ಬಿಟ್ಟು ಜಿಪ್ ಎಳೆದರೆ ಒಳಗಿಂದ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ತಳ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಸುಡುತ್ತಿತ್ತು. 92% ಇದ್ದ ಚಾರ್ಜ್ 61ಕ್ಕೆ ಬಂದಿತ್ತು. ಲ್ಯಾಪ್‌ಟಾಪ್ ಮಲಗಿದೆ ಅಂತ ನಾನು ನಂಬಿದ್ದೆ, ಅದು ಬ್ಯಾಗ್ ಒಳಗೆ ಎಚ್ಚರವಾಗೇ ಇತ್ತು.

ಈಚಿನ ಅನೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಅನ್ನುವ ಬಗೆಯ ಸ್ಲೀಪ್ ಇರುತ್ತದೆ. ಫೋನಿನ ಹಾಗೆ, ಪರದೆ ಆರಿದರೂ ಒಳಗೆ ಮೇಲ್, ಅಪ್‌ಡೇಟ್ ಅಂತ ಆಗಾಗ ಏಳುತ್ತದೆ. ಕೆಲವೊಮ್ಮೆ ಎದ್ದದ್ದು ಮತ್ತೆ ಮಲಗುವುದೇ ಇಲ್ಲ. ಮೇಜಿನ ಮೇಲಿದ್ದರೆ ಪರವಾಗಿಲ್ಲ. ಗಾಳಿಯಾಡದ ಬ್ಯಾಗಿನಲ್ಲಿ ಇದು ಬ್ಯಾಟರಿಗೆ ದೊಡ್ಡ ಪೆಟ್ಟು.

ಹೈಬರ್ನೇಟ್ ಹಾಗಲ್ಲ. ರ್‍ಯಾಮ್‌ನಲ್ಲಿ (ಯಂತ್ರ ಆನ್ ಇರುವಾಗಿನ ತಾತ್ಕಾಲಿಕ ನೆನಪು) ಇದ್ದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುತ್ತದೆ. ಮತ್ತೆ ಆನ್ ಮಾಡಿದರೆ ಬಿಟ್ಟ ಪುಟದಲ್ಲೇ ಬಿಟ್ಟ ಸಾಲಿನಲ್ಲೇ ಇರುತ್ತೀರಿ. ಸ್ಲೀಪ್‌ನಿಂದ ಏಳಲು ಒಂದೆರಡು ಸೆಕೆಂಡ್ ಆದರೆ, ನನ್ನದರಲ್ಲಿ ಹೈಬರ್ನೇಟ್‌ನಿಂದ ಏಳಲು ಹದಿನೈದು ಸೆಕೆಂಡ್ ಬೇಕು. ಆ ಹದಿನೈದು ಸೆಕೆಂಡ್ ನನಗೆ ದೊಡ್ಡದಲ್ಲ. ವಿಂಡೋಸ್‌ನ ಪವರ್ ಮೆನುವಿನಲ್ಲಿ ಹೈಬರ್ನೇಟ್ ಬಹಳ ಸಲ ಕಾಣುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಟಿಕ್ ಹಾಕಿಕೊಳ್ಳಬೇಕು. ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನುವುದನ್ನೂ ಅಲ್ಲೇ ಆರಿಸಬಹುದು. ನಾನು ಬ್ಯಾಟರಿ ಮೇಲಿದ್ದಾಗ ಹೈಬರ್ನೇಟ್, ಚಾರ್ಜರ್ ಇದ್ದಾಗ ಸ್ಲೀಪ್ ಅಂತ ಇಟ್ಟಿದ್ದೇನೆ.

ದಿನಾ ರಾತ್ರಿ ಶಟ್‌ಡೌನ್ ಮಾಡಿದರೆ ಯಂತ್ರ ತಾಜಾ ಆಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಒಂದು ದಿನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ನೋಡಿದೆ. ‘ಅಪ್ ಟೈಮ್’ ಅಂತ 11 ದಿನ ತೋರಿಸುತ್ತಿತ್ತು. ಹಿಂದಿನ ರಾತ್ರಿಯೂ ಶಟ್‌ಡೌನ್ ಮಾಡಿದ್ದೆ! ಇದಕ್ಕೆ ಕಾರಣ ‘ಫಾಸ್ಟ್ ಸ್ಟಾರ್ಟಪ್’. 2012ರ ವಿಂಡೋಸ್ 8ರಿಂದ ಬಂದದ್ದು. ಬೇಗ ಶುರುವಾಗಲಿ ಅಂತ ವಿಂಡೋಸ್‌ನ ಮೂಲಭಾಗವನ್ನು ಡಿಸ್ಕಿನಲ್ಲಿ ಹಾಗೇ ಎತ್ತಿಡುತ್ತದೆ. ನಿಜವಾಗಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಒತ್ತಬೇಕು. ವೈಫೈ ಸಿಗುತ್ತಿಲ್ಲ, ಪ್ರಿಂಟರ್ ಮಾತು ಕೇಳುತ್ತಿಲ್ಲ ಅಂದಾಗ ಶಟ್‌ಡೌನ್ ಮಾಡಿ ಸುಮ್ಮನಾಗಬೇಡಿ, ರೀಸ್ಟಾರ್ಟ್ ಮಾಡಿ.

ಕೂಲಿಂಗ್ ಪ್ಯಾಡ್ ಎದುರು ಎರಡು ಪುಸ್ತಕ

ಬಿಸಿಯೇ ಶತ್ರು ಅಂತ ಗೊತ್ತಾದ ಮೇಲೆ ಕೂಲಿಂಗ್ ಪ್ಯಾಡ್ ತಂದೆ. ಯುಎಸ್‌ಬಿಯಿಂದ ತಿರುಗುವ ಎರಡು ಫ್ಯಾನ್ ಇದ್ದವು. ಒಂದು ವಾರ ಅದು, ಮುಂದಿನ ವಾರ ಹಿಂಬದಿಗೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತಿಟ್ಟದ್ದು. ಅದೇ ಕೆಲಸ, ಅದೇ ಕೋಣೆ. ನನಗೆ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ಎರಡರಲ್ಲೂ ಒಳಗಿನ ಫ್ಯಾನ್ ಮೊದಲಿಗಿಂತ ಮೆಲ್ಲಗೆ ತಿರುಗುತ್ತಿತ್ತು. ಪ್ಯಾಡ್‌ನ ಸದ್ದು ಮಾತ್ರ ತಲೆ ತಿನ್ನುತ್ತಿತ್ತು. ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಳದಿಂದ ಗಾಳಿ ಎಳೆದು ಪಕ್ಕದಿಂದಲೋ ಹಿಂದಿನಿಂದಲೋ ಬಿಡುತ್ತವೆ. ತಳಕ್ಕೂ ಮೇಜಿಗೂ ಎರಡು ಬೆರಳಷ್ಟು ಜಾಗ ಸಿಕ್ಕರೆ ಅರ್ಧ ಕೆಲಸ ಆದಂತೆ. ಪುಸ್ತಕ ಗಾಳಿಯ ಕಿಂಡಿಗೆ ಅಡ್ಡ ಬರಬಾರದು, ಅಷ್ಟೇ. ಭಾರೀ ಗೇಮ್ ಆಡುವವರಿಗೆ, ಗಂಟೆಗಟ್ಟಲೆ ವಿಡಿಯೋ ಎಡಿಟ್ ಮಾಡುವವರಿಗೆ ಪ್ಯಾಡ್ ಬೇಕಾಗಬಹುದು. ಬರೆಯೋದು, ಓದೋದು, ಬ್ರೌಸರ್ ಅಂದರೆ ಬೇಡವೇ ಬೇಡ.

ಹಾಸಿಗೆ, ದಿಂಬು, ತೊಡೆಯ ಮೇಲಿನ ಹೊದಿಕೆ ಇವುಗಳ ಜೊತೆ ಹೋಲಿಕೆಯೇ ಇಲ್ಲ. ಬಟ್ಟೆ ಕಿಂಡಿಯನ್ನು ಮುಚ್ಚುತ್ತದೆ, ಧೂಳನ್ನೂ ಒಳಗೆ ಕಳಿಸುತ್ತದೆ. ಮಲಗಿ ನೋಡಲೇಬೇಕಿದ್ದರೆ ಕೆಳಗೆ ಒಂದು ಗಟ್ಟಿ ಹಲಗೆ ಇಡಿ.

ಕೀಬೋರ್ಡ್ ಹೊದಿಕೆ

ಕೀಬೋರ್ಡ್ ಮೇಲೆ ಹಾಸುವ ತೆಳು ಸಿಲಿಕೋನ್ ಹೊದಿಕೆಯನ್ನು ಮೂರು ತಿಂಗಳು ಇಟ್ಟಿದ್ದೆ. ಧೂಳು ಬೀಳಲಿಲ್ಲ ನಿಜ. ಆದರೆ ಪರದೆ ಆರಿಸಿ ಬೆಳಕಿಗೆ ಓರೆ ಹಿಡಿದಾಗ, ಅದರ ಮೇಲೆ ಕೀಗಳ ಚೌಕ ಚೌಕ ಗುರುತು ಸಾಲಾಗಿ ಕಂಡಿತು. ಮುಚ್ಚಳ ಮುಚ್ಚಿದಾಗ ಪರದೆಗೂ ಕೀಗಳಿಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಆ ಹೊದಿಕೆ ಅಲ್ಲಿ ಒತ್ತುತ್ತಿತ್ತು. ಪುಣ್ಯಕ್ಕೆ ಗುರುತು ಬೆರಳಿನ ಎಣ್ಣೆಯದ್ದು. ಮೈಕ್ರೋಫೈಬರ್ ಬಟ್ಟೆಯನ್ನು ನೀರಿನಲ್ಲಿ ಚೂರೇ ಒದ್ದೆ ಮಾಡಿ ಒರೆಸಿದೆ, ಹೋಯಿತು. ಗಾಜು ಒರೆಸುವ ಸ್ಪ್ರೇ ಮಾತ್ರ ಬಳಸಬೇಡಿ, ಅದರಲ್ಲಿನ ಅಮೋನಿಯಾ ಪರದೆಯ ಲೇಪನವನ್ನು ಹಾಳು ಮಾಡಬಹುದು. ಸ್ಪ್ರೇ ಯಾವುದೇ ಇರಲಿ, ನೇರ ಪರದೆ ಮೇಲೆ ಹೊಡೆದರೆ ಹನಿ ಇಳಿದು ಅಂಚಿನೊಳಗೆ ಹೋಗುತ್ತದೆ.

ಹೊದಿಕೆ ತೆಗೆದಿಟ್ಟೆ. ಈಗ ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಆರಿಸಿ, ಓರೆ ಮಾಡಿ, ಮೆತ್ತನೆಯ ಪೇಂಟ್ ಬ್ರಷ್‌ನಿಂದ ಕೀಗಳ ಸಂದಿಯ ಧೂಳನ್ನು ಗುಡಿಸುತ್ತೇನೆ. ಎರಡು ನಿಮಿಷದ ಕೆಲಸ.